ಕೋಟಿನಿಂದ ತೆಗೆದ ಮನುಷ್ಯ

ಮಧ್ಯಾಹ್ನದ ಊಟ ಮುಗಿದಿತ್ತು. ಮಾಸಿದ ಬಟ್ಟೆ ವಿಂಗಡಿಸುವ ದೊಡ್ಡಮ್ಮ ಆಸ್ಪತ್ರೆಯ ಹಾಸುಬಟ್ಟೆಗಳ ರಾಶಿಗೆ ಕೈ ಹಾಕಿದರು. ಮೇಲಿನ ಬಟ್ಟೆಗಳು ಸಲೀಸಾಗಿ ಬಂದವು. ಆಮೇಲಿನದು ಬರಲಿಲ್ಲ. ಜೋರಾಗಿ ಎಳೆದರು. ಬಟ್ಟೆಯ ಜೊತೆ ಒಂದು ಕೈ ಬಂತು.

ಕೈಯಲ್ಲಿ ಯಜಮಾನರ ಗಡಿಯಾರವಿತ್ತು.

ಅದು ಲಾಂಡ್ರಿ. ಆಸ್ಪತ್ರೆ ಮತ್ತು ಹೋಟೆಲುಗಳ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಕಳಿಸುವ ಕಾರ್ಖಾನೆ. ಮಾಸಿದ ಬಟ್ಟೆ ಬಂದು ಬೀಳುವುದು ಹಿಂಭಾಗದ ಕೋಣೆಯಲ್ಲಿ. ಯಜಮಾನರೂ ಅಲ್ಲೇ ಬಿದ್ದಿದ್ದರು. ತಲೆಯ ಹಿಂಭಾಗಕ್ಕೆ ಒಂದೇ ಏಟು.

ದೊಡ್ಡಮ್ಮನ ಕೂಗಿಗೆ ಅಲ್ಲಿದ್ದವರೆಲ್ಲ ಓಡಿ ಬಂದರು. ಒಬ್ಬ ಮಾತ್ರ ಬರಲಿಲ್ಲ. ಅವನು ಪಕ್ಕದ ನೀರಿನ ತೊಟ್ಟಿಯ ಬಳಿ ನಿಂತು, ತಳ್ಳುಗಾಡಿಯ ಕಬ್ಬಿಣದ ಹಿಡಿಯೊಂದನ್ನು ಒರೆಸುತ್ತಿದ್ದ. ಅಂಗಿಯ ತೋಳಿನ ತುದಿ ಕೆಂಪಾಗಿತ್ತು.

ಪೊಲೀಸರು ಬರುವ ಹೊತ್ತಿಗೆ ಅವನನ್ನು ಹಾಸುಬಟ್ಟೆಯಲ್ಲೇ ಕಟ್ಟಿ ಕೂರಿಸಿದ್ದರು.

"ಬಡಿಸಿಟ್ಟ ಎಲೆ ಮೇಡಂ, ಕೈ ತೊಳ್ಕೊಂಡು ಕೂರೋದೊಂದೇ ಬಾಕಿ," ಎಂದ ಪೇದೆ.

ಇನ್‌ಸ್ಪೆಕ್ಟರ್ ನಗಲಿಲ್ಲ. ಮೂರು ದಿನದ ಹಿಂದೆ ಹೆದ್ದಾರಿಯ ತಿರುವಿನಲ್ಲಿ ಸೈಕಲ್ ಮೇಲೆ ಬರುತ್ತಿದ್ದ ಮೇಷ್ಟ್ರೊಬ್ಬರಿಗೆ ಯಾವುದೋ ಗಾಡಿ ಗುದ್ದಿ ಓಡಿಹೋಗಿತ್ತು. ಮೇಷ್ಟ್ರು ಉಳಿಯಲಿಲ್ಲ. ಸಿಕ್ಕಿದ್ದು ದೀಪದ ಗಾಜಿನ ಚೂರುಗಳಷ್ಟೇ. ಅಂದಿನಿಂದ ಇನ್‌ಸ್ಪೆಕ್ಟರಿಗೆ ಸರಿಯಾದ ನಿದ್ದೆ ಇರಲಿಲ್ಲ. ಈಗ ಇದು.

"ಮೊದಲು ಕಟ್ಟು ಬಿಚ್ಚು," ಎಂದರು.

* * *

ಕಟ್ಟಿಸಿಕೊಂಡಿದ್ದವನ ಅಕ್ಕ ಅಲ್ಲೇ ಇಸ್ತ್ರಿ ಯಂತ್ರದಲ್ಲಿ ಕೆಲಸಕ್ಕಿದ್ದಳು. ಹಾಗಾಗಿ ಲಾಂಡ್ರಿಗೆಲ್ಲ ಅವನು ತಮ್ಮ. ವಯಸ್ಸು ಮೂವತ್ತು ದಾಟಿತ್ತು. ಕೆಲಸ ಬಟ್ಟೆ ಮಡಿಸುವುದು. ಮಾತು ಕಡಿಮೆ. ಹೋದ ವಾರ ಯಜಮಾನರ ಮೇಲೆ ಕೂಗಾಡಿದ್ದ. ಯಜಮಾನರು ತನ್ನನ್ನು ನೋಡಿ ನಕ್ಕರು, ಆ ನಗುವಿನ ಹಿಂದೆ ಏನೋ ಇದೆ ಎಂದಿದ್ದ. ಇದನ್ನು ನಾಲ್ಕು ಜನ ನಾಲ್ಕು ರೀತಿ ಹೇಳಿದರು.

"ಈ ಹಿಡಿ ನಿನ್ನ ಕೈಗೆ ಹೇಗೆ ಬಂತು?" ಇನ್‌ಸ್ಪೆಕ್ಟರ್ ಕೇಳಿದರು.

"ಅವರು ಕೊಟ್ರು."

"ಅವರು ಅಂದ್ರೆ?"

"ಎಲ್ಲರೂ."

"ಎಲ್ಲರೂ ಸೇರಿ ಒಂದು ಹಿಡಿ ಕೊಟ್ರಾ?"

"ನಿಮಗೆ ಗೊತ್ತಿದೆ. ಗೊತ್ತಿದ್ದೂ ಯಾಕೆ ಕೇಳ್ತೀರಿ?"

"ಯಜಮಾನರಿಗೆ ಏನಾಯ್ತು?"

"ಅವರನ್ನ ಕೋಟಿನಿಂದ ತೆಗೆದುಬಿಟ್ರು. ತೆಗೆದ ಮೇಲೂ ಇದ್ದಾರೆ ಅಂತ ನಟಿಸಿದ್ರು. ಎಲ್ಲರೂ. ಅಕ್ಕನೂ."

ಪೇದೆ ಗೋಡೆ ಕಡೆ ತಿರುಗಿ ಹಣೆಯ ಪಕ್ಕ ಬೆರಳು ತಿರುಗಿಸಿದ. ತಮ್ಮ ಅದನ್ನು ನೋಡಿದ. ಆಮೇಲೆ ಬಾಯಿ ಬಿಡಲಿಲ್ಲ.

* * *

ಉಳಿದವರ ಹೇಳಿಕೆಗಳು ಸರಾಗವಾಗಿ ಬಂದವು. ಯಜಮಾನರ ಕ್ಯಾಬಿನ್ನು ದೊಡ್ಡ ಹಾಲಿನ ಮೂಲೆಯಲ್ಲಿದೆ. ಸುತ್ತ ಗಾಜು. ಗಾಜಿಗೆ ಸದಾ ಹಬೆ. ಊಟದ ಸೈರನ್ ಆದ ಮೇಲೂ ಯಜಮಾನರು ಅಲ್ಲೇ ಕೂತಿದ್ದರು. ಐದು ಜನ ನೋಡಿದ್ದರು. ಸೈರನ್ ಆಗುತ್ತಲೇ ಡ್ರೈವರ್ ವ್ಯಾನು ತೆಗೆದುಕೊಂಡು ಹೋಟೆಲಿಗೆ ಹೋದ. ಬಂದದ್ದು ಹೆಣ ಸಿಕ್ಕ ಮೇಲೆ. ಉಳಿದವರು ಒಟ್ಟಿಗೆ ಕೂತು ಊಟ ಮಾಡಿದರು. ಲಾಂಡ್ರಿಯಲ್ಲಿದ್ದೂ ಊಟಕ್ಕೆ ಕೂರದವರು ಇಬ್ಬರೇ. ಒಬ್ಬ ತಮ್ಮ. ಇನ್ನೊಬ್ಬ ಬಾಯ್ಲರ್ ನೋಡಿಕೊಳ್ಳುವ ತಾತ.

ಹೆಣ ಪರೀಕ್ಷಿಸಿದ ಡಾಕ್ಟರು ಸಾವಿನ ಹೊತ್ತನ್ನು ಬಿಗಿಯಾಗಿ ಹೇಳಲಿಲ್ಲ. ಸೈರನ್ನಿಗೆ ಸ್ವಲ್ಪ ಮೊದಲಿರಬಹುದು, ಆಮೇಲೂ ಇರಬಹುದು ಎಂದರು. ಬರೀ ಅಂಗಿಯಲ್ಲಿದ್ದರು ಯಜಮಾನರು. ಮೊಣಕೈಗೆ ಕಪ್ಪು ಗ್ರೀಸು ಮೆತ್ತಿತ್ತು. ಮೊಣಕಾಲಿಗೆ ಮಣ್ಣು.

ಗ್ರೀಸು ಅಂದ ಕೂಡಲೇ ಪೇದೆ ಬಾಯ್ಲರ್ ತಾತನನ್ನು ಕರೆತಂದ. ಕೆಲಸ ಬಿಡು ಎಂದು ಯಜಮಾನರು ತಾತನಿಗೆ ಹೇಳಿದ್ದರಂತೆ.

"ಹೇಳಿದ್ರು. ಹದಿನೈದು ಸಲ ಹೇಳಿದಾರೆ," ಎಂದ ತಾತ. "ಆಮೇಲೆ ಅವರೇ ಬಂದು ಟೀ ಕೊಡಿಸಿದಾರೆ. ಗ್ರೀಸು ನನ್ನ ಹತ್ರ ಎಲ್ಲಿದೆ ತಾಯಿ? ಬಾಯ್ಲರ್ ಗ್ಯಾಸಿಂದು. ನನ್ನ ಕೈ ನೋಡಿ, ಸುಣ್ಣ ಹೊಡೆಯೋನ ಹಂಗಿದೆ."

ಕೈ ಬಾಯ್ಲರ್ ನೀರಿನಲ್ಲಿ ಕಟ್ಟುವ ಸುಣ್ಣದಿಂದ ಬೆಳ್ಳಗಾಗಿತ್ತು. ಬಾಯ್ಲರ್ ಕೋಣೆಯನ್ನೂ ನೋಡಿದರು. ತಾತನ ಮಾತು ಸರಿ.

ಡ್ರೈವರ್ ಎಲ್ಲರಿಗೂ ನೀರು ತಂದುಕೊಡುತ್ತಿದ್ದ. ಮಾತುಗಾರ.

"ನಾನು ಹೊರಡುವಾಗ ಯಜಮಾನ್ರು ಚೆನ್ನಾಗೇ ಇದ್ರು ಮೇಡಂ. ಗಾಜಿನಾಚೆಯಿಂದ ಕೈ ಎತ್ತಿದ್ರು. ನಾನೂ ಎತ್ತಿದೆ. ಅದೇ ಕೊನೆ." ನಿಟ್ಟುಸಿರು ಬಿಟ್ಟ. "ತಮ್ಮನಿಗೆ ಏನೂ ಮಾಡ್ಬೇಡಿ. ಪಾಪ, ಬುದ್ಧಿ ಸ್ವಾಧೀನದಲ್ಲಿಲ್ಲ. ಅವನು ಏನು ಹೇಳಿದ್ರೂ ಅದಕ್ಕೆ ತಲೆ ಇರಲ್ಲ, ಬುಡ ಇರಲ್ಲ."

* * *

ಅಕ್ಕ ಇಸ್ತ್ರಿ ಯಂತ್ರದ ಪಕ್ಕ ನಿಂತಿದ್ದಳು. ಅತ್ತು ಮುಗಿದಿತ್ತು. ಅಥವಾ ಅಳುವುದನ್ನು ಎಂದೋ ಬಿಟ್ಟಿದ್ದಳು.

"ಏನು ಕಾಯಿಲೆ?"

"ಸ್ಕಿಜೋಫ್ರೇನಿಯಾ. ಮಾತ್ರೆ ತಪ್ಪಿಸಲ್ಲ. ಈಗ ದನಿಗಳು ಕೇಳಲ್ಲ. ಆದ್ರೆ ಒಂದು ಹೋಗಿಲ್ಲ ಮೇಡಂ."

"ಯಾವುದು?"

"ನೀವು ಹುಬ್ಬು ಗಂಟಿಕ್ಕಿದ್ರೆ ನಿಮಗೆ ಸುಸ್ತಾಗಿದೆ ಅಂತ ನನಗೆ ತಾನಾಗೇ ಗೊತ್ತಾಗುತ್ತೆ. ಅವನಿಗೆ ಆಗಲ್ಲ. ಕೂತು ಲೆಕ್ಕ ಹಾಕ್ಬೇಕು. ಯಾರು ಯಾಕೆ ನಕ್ರು, ಯಾಕೆ ಸುಮ್ನಾದ್ರು, ಎಲ್ಲಕ್ಕೂ ಲೆಕ್ಕ. ಲೆಕ್ಕ ತಪ್ಪಿದ ದಿನ ಎಲ್ಲರೂ ಅವನ ವಿರುದ್ಧ ಒಳಸಂಚು ಮಾಡ್ತಿದ್ದಾರೆ ಅಂತಾನೆ."

"ಕೊಲೆ ಮಾಡೋವಷ್ಟು?"

"ಇಲ್ಲ. ಭಯ ಆದ್ರೆ ಅವನು ಹೊಡೆಯಲ್ಲ, ಓಡ್ತಾನೆ." ಸ್ವಲ್ಪ ತಡೆದಳು. "ಸಂಜೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ತೀರಂತೆ. ಒಂದ್ಸಲ ಒಳಗೆ ಹಾಕಿದ್ರೆ ಅವನು ಗೋಡೆ ಕಡೆ ಮುಖ ಮಾಡಿ ಕೂತುಬಿಡ್ತಾನೆ. ಹಿಂದೆ ಹಾಗೆ ಕೂತಿದ್ದ. ಅಲ್ಲಿಂದ ಎಬ್ಬಿಸಿ ಈ ಕೆಲಸಕ್ಕೆ ತಂದು ನಿಲ್ಲಿಸೋಕೆ ನನ್ನ ಅರ್ಧ ಆಯಸ್ಸು ಹೋಯ್ತು. ಇನ್ನೊಂದ್ಸಲ ನನ್ನ ಕೈಲಾಗಲ್ಲ."

ಇನ್‌ಸ್ಪೆಕ್ಟರ್ ಹಬೆ ಕೂತ ಗಾಜನ್ನು ನೋಡಿದರು. "ಅವನ ಹತ್ರ ಮಾತಾಡೋದು ಹೇಗೆ?"

"ಯಾಕೆ ಅಂತ ಕೇಳ್ಬೇಡಿ. ಅವನ ಡಾಕ್ಟರು ಹೇಳಿಕೊಟ್ಟಿದ್ದು. ಏನು ಕಾಣಿಸ್ತು ಅಂತ ಕೇಳಿ. ಅದರ ಅರ್ಥ ಕೇಳ್ಬೇಡಿ. ಕಂಡಿದ್ದು ಹೇಳೋದ್ರಲ್ಲಿ ಅವನು ಎಡವಲ್ಲ, ಅರ್ಥ ಕಟ್ಟೋದ್ರಲ್ಲಿ ಎಡವ್ತಾನೆ. ಮತ್ತೆ ಆ ಪೇದೆಯೋರನ್ನ ಹೊರಗೆ ಕಳಿಸಿ."

* * *

"ಹಿಡಿ ಕೊಟ್ಟ ಕೈ ಯಾವ ಥರ ಇತ್ತು?" ಪೇದೆಯನ್ನು ಹೊರಗೆ ಕಳಿಸಿ ಇನ್‌ಸ್ಪೆಕ್ಟರ್ ಕೇಳಿದರು.

ತಮ್ಮ ಯೋಚಿಸಿದ. "ಕಪ್ಪಗಿತ್ತು. ಬೆರಳು ಸಂದಿಯಲ್ಲಿ ಗ್ರೀಸು. ಡ್ರೈವರ್ ಕೈ."

"ಆಗ ಏನು ಕೇಳಿಸ್ತು?"

"'ತೊಳೆದಿಡು' ಅಂದ. ಆಮೇಲೆ ಸೈರನ್."

"ತೊಳೆದಿದ್ದು ಎಷ್ಟು ಹೊತ್ತು?"

"ಇನ್ನೂ ಸಾಕು ಅಂದಿಲ್ಲ."

"ಕ್ಯಾಬಿನ್ನಲ್ಲಿ ಏನು ಕಾಣಿಸ್ತು?"

"ಊಟಕ್ಕೆ ಹೋಗುವಾಗ ನೋಡಿದೆ. ಕುರ್ಚಿ. ಕುರ್ಚಿ ಬೆನ್ನಿಗೆ ಕೋಟು. ದೀಪ ಉರೀತಿತ್ತು. ರೇಡಿಯೋ ಹಾಡ್ತಿತ್ತು. ಯಜಮಾನರು ಇರಲಿಲ್ಲ." ಅವನ ದನಿ ಏರಿತು. "ಎಲ್ಲರೂ ಅದೇ ಗಾಜು ನೋಡಿದ್ರು. ನೋಡಿ, 'ಯಜಮಾನ್ರು ನೋಡ್ತಿದಾರೆ, ಬೇಗ ತಿನ್ರೋ' ಅಂದ್ರು. ಇಲ್ಲದೋರು ನೋಡ್ತಾರಾ? ಮಾತಾಡ್ಕೊಂಡೇ ಮಾಡಿದಾರೆ. ಅದಕ್ಕೇ ವಾಪಸ್ ತೊಟ್ಟಿ ಹತ್ರ ಹೋದೆ."

ಇನ್‌ಸ್ಪೆಕ್ಟರಿಗೆ ಹೆಣದ ಮೊಣಕೈಯ ಗ್ರೀಸು ನೆನಪಾಯಿತು. ಎದ್ದು ಅಂಗಳಕ್ಕೆ ಹೋದರು.

ವ್ಯಾನು ಅಲ್ಲಿ ನಿಂತಿತ್ತು. ಮುಂದಿನ ಎರಡು ದೀಪಗಳಲ್ಲಿ ಒಂದರ ಗಾಜು ಹಳದಿಗಟ್ಟಿತ್ತು. ಇನ್ನೊಂದು ಫಳಫಳ.

"ಕೆಳಗೆ ನುಗ್ಗು," ಎಂದರು ಪೇದೆಗೆ.

"ಮೇಡಂ, ನಿನ್ನೆ ತಾನೇ ಒಗೆದ ಯೂನಿಫಾರ್ಮು."

"ಲಾಂಡ್ರಿಯಲ್ಲೇ ಇದೀಯಲ್ಲ. ನುಗ್ಗು."

ಪೇದೆ ಗೊಣಗುತ್ತ ನುಗ್ಗಿದ. ಬಂಪರಿನ ಒಳಮಗ್ಗುಲಲ್ಲಿ ನೀಲಿ ಬಣ್ಣದ ಗೀರುಗಳಿವೆ ಎಂದು ಅಲ್ಲಿಂದಲೇ ಕೂಗಿದ. ಮೇಷ್ಟ್ರ ಸೈಕಲ್ ನೀಲಿ ಬಣ್ಣದ್ದು. ಅವನು ಎದ್ದು ನಿಂತಾಗ ಮೊಣಕೈಗೆ ಗ್ರೀಸು, ಮೊಣಕಾಲಿಗೆ ಮಣ್ಣು. ಹೆಣದ ಮೇಲೆ ಇದ್ದದ್ದೂ ಅದೇ ಜಾಗದಲ್ಲಿ.

* * *

ತಮ್ಮನನ್ನು ಗದ್ದಲದಿಂದ ದೂರ ಸ್ಟೇಷನ್ನಿಗೆ ಕಳಿಸಿ, ಉಳಿದವರನ್ನೆಲ್ಲ ಹಾಲಿನಲ್ಲಿ ಸೇರಿಸಿದರು. ಯಂತ್ರಗಳು ನಿಂತಿದ್ದವು. ಇನ್‌ಸ್ಪೆಕ್ಟರ್ ಮೊದಲು ಡ್ರೈವರ್ ಕಡೆ ತಿರುಗಿದರು.

"ಯಜಮಾನರು ಕೈ ಎತ್ತಿದ್ರು ಅಂದ್ಯಲ್ಲ. ಯಾವ ಕೈ?"

"ಬಲಗೈ ಮೇಡಂ."

"ಮುಖ ಕಾಣಿಸ್ತಾ?"

"ಕಾಣದೇನು? ನಕ್ಕರು. ಹುಷಾರಾಗಿ ಹೋಗು ಅನ್ನೋ ಹಾಗೆ."

"ಸರಿಯಾಗಿ ನೆನಪಿದೆಯಾ?"

"ಕಣ್ಣಿಗೆ ಕಟ್ಟಿದ ಹಾಗಿದೆ."

ಇನ್‌ಸ್ಪೆಕ್ಟರ್ ದೊಡ್ಡಮ್ಮನ ಕಡೆ ತಿರುಗಿದರು. "ದೊಡ್ಡಮ್ಮ, ಸೈರನ್ ಆದ ಮೇಲೆ ಯಜಮಾನರನ್ನ ನೋಡಿದ್ರಿ. ಮುಖ ನೋಡಿದ್ರಾ?"

"ಮುಖ..." ದೊಡ್ಡಮ್ಮ ಸೆರಗಿನ ತುದಿ ಹಿಡಿದುಕೊಂಡರು. "ಹಬೆ ಇತ್ತಲ್ಲಮ್ಮ. ಕೋಟು ಕಾಣಿಸ್ತು."

"ತಲೆ?"

"ಕೋಟು ಇದ್ಮೇಲೆ ತಲೆ ಇರಲ್ವಾ? ಬಾಯ್ಲರ್ ಪಕ್ಕ ನಿಂತ್ರೂ ಕೋಟು ಬಿಚ್ಚದ ಮನುಷ್ಯ ಅದು. ಮದುವೇಲಿ ಹಾಕಿದ್ದು, ಇನ್ನೂ ತೆಗೆದಿಲ್ಲ ಅಂತ ನಾವೇ ಆಡ್ಕೋತಿದ್ವಿ." ಮಾತು ಅಲ್ಲಿಗೇ ನಿಂತಿತು. "ತಲೆ ನೋಡ್ಲಿಲ್ಲ ಕಣಮ್ಮ."

ಒಬ್ಬೊಬ್ಬರನ್ನೇ ಕೇಳಿದರು. ಒಬ್ಬಳು ದೀಪ ನೋಡಿದ್ದಳು. ಒಬ್ಬ ರೇಡಿಯೋ ಕೇಳಿದ್ದ. ಇಬ್ಬರು ಕೋಟು ಕಂಡಿದ್ದರು. ಐವರಲ್ಲಿ ಒಬ್ಬರೂ ಮನುಷ್ಯನನ್ನು ನೋಡಿರಲಿಲ್ಲ. ಅಕ್ಕನೂ ತಲೆ ತಗ್ಗಿಸಿದಳು. ಅವಳೂ ಆ ಐವರಲ್ಲಿ ಒಬ್ಬಳು.

"ಇವರು ಯಾರೂ ಸುಳ್ಳು ಹೇಳ್ಲಿಲ್ಲ," ಎಂದರು ಇನ್‌ಸ್ಪೆಕ್ಟರ್. "ಕೋಟು ಕಂಡ್ರು, ಮಿಕ್ಕಿದ್ದನ್ನ ರೂಢಿ ತುಂಬಿಸ್ತು. ಆದ್ರೆ ಕೋಟು ನಗಲ್ಲ, ಕೈ ಎತ್ತಲ್ಲ. ಅದನ್ನ ಸೇರಿಸಿದ್ದು ನೀನೊಬ್ಬನೇ. ಇವರೆಲ್ಲ 'ಯಜಮಾನ್ರು ಕೂತಿದ್ರು' ಅಂದಾಗ, ಕೇಳದೇ ಬಂದ ವರ ಅಂತ ನೀನೂ ಹಿಡ್ಕೊಂಡೆ."

ಡ್ರೈವರ್ ನಗಲು ನೋಡಿದ. "ನನಗೂ ಹಾಗೇ ಅನ್ನಿಸಿರಬಹುದು ಮೇಡಂ."

"ಈಗ ತಾನೇ ಕಣ್ಣಿಗೆ ಕಟ್ಟಿತ್ತು." ದನಿ ಏರಲಿಲ್ಲ. "ಕೋಟು ಬಿಚ್ಚದ ಮನುಷ್ಯ ಇವತ್ತು ಯಾಕೆ ಬಿಚ್ಚಿದ್ರು? ಕೊಳೆಯಾಗೋ ಕೆಲಸ ಇತ್ತು. ಇಲ್ಲಿ ಗ್ರೀಸೂ ಮಣ್ಣೂ ಒಟ್ಟಿಗೆ ಮೆತ್ತೋದು ನಿನ್ನ ವ್ಯಾನಿನ ಕೆಳಗೆ ಮಾತ್ರ. ಒಂದೇ ಕಡೆ ದೀಪದ ಗಾಜು ಬದಲಾಗಿರೋದು ಅವರ ಕಣ್ಣಿಗೆ ಬಿತ್ತು. ಕೋಟು ಕುರ್ಚಿಗೆ ಹಾಕಿ, ಅಂಗಳಕ್ಕೆ ಬಂದು ಬಗ್ಗಿ ನೋಡಿದ್ರು. ಮೇಷ್ಟ್ರ ಸೈಕಲಿನ ನೀಲಿ ಬಣ್ಣ ಕಾಣಿಸ್ತು. ಹಳೇ ಗಾಜಿನ ಚೂರು ನನ್ನ ಸ್ಟೇಷನ್ನಲ್ಲಿವೆ, ನಿನ್ನ ವ್ಯಾನಿಗೆ ಹೊಂದುತ್ತಾ ನೋಡ್ತೀನಿ. ಹಿಡಿಯ ತೂತಿನೊಳಗೆ ನೀರು ಹೋಗದ ಕಡೆ ರಕ್ತ ಇನ್ನೂ ಇದೆ. ನಿನ್ನ ಗ್ರೀಸು ಕೈ ಗುರುತೂ ಇರುತ್ತೆ."

ಡ್ರೈವರ್ ತೊಳೆಯುವ ಯಂತ್ರದ ಅಂಚಿಗೆ ಒರಗಿದ.

"ಸ್ಟೇಷನ್ನಿಗೆ ನೀನೇ ಹೋಗು, ಇಲ್ಲದಿದ್ರೆ ನಾನು ಹೋಗ್ತೀನಿ ಅಂದ್ರು. ಬಟ್ಟೆ ಕೋಣೆವರೆಗೂ ಬೇಡಿಕೊಂಡು ಬಂದೆ. ತಿರುಗಿ ಹೊರಟೇಬಿಟ್ರು."

"ಹಿಡಿ ತಮ್ಮನ ಕೈಗೆ ಯಾಕೆ ಕೊಟ್ಟೆ?"

"ಅವನು ಯಾಕೆ ಅಂತ ಕೇಳಲ್ಲ. ಹೇಳಿದ್ರೂ ಯಾರೂ ನಂಬಲ್ಲ."

"ಥೂ, ನಿನ್ನ ಮನೆ ಹಾಳಾಗ," ಎಂದರು ದೊಡ್ಡಮ್ಮ. ತಮ್ಮನನ್ನು ಕಟ್ಟಿದ ಗಂಟು ಅವರೇ ಬಿಗಿದದ್ದು. ಅದು ಅವರಿಗೂ ನೆನಪಾಗಿರಬೇಕು, ಬಿಚ್ಚಿ ಬಿದ್ದಿದ್ದ ಹಾಸುಬಟ್ಟೆ ಎತ್ತಿ ಮಡಿಸತೊಡಗಿದರು.

* * *

ತಮ್ಮನನ್ನು ಸ್ಟೇಷನ್ನಿನ ಹಿಂದಿನ ಕೋಣೆಯಲ್ಲಿ ಕೂರಿಸಿದ್ದರು. ಇನ್‌ಸ್ಪೆಕ್ಟರ್ ಅಕ್ಕನ ಜೊತೆ ಒಳಗೆ ಬಂದರು. ಡ್ರೈವರ್ ಒಪ್ಪಿಕೊಂಡ ಎಂದರು. ನೀನು ಕಂಡದ್ದು ಸರಿ, ಕೋಟಿನಲ್ಲಿ ಯಾರೂ ಇರಲಿಲ್ಲ ಎಂದರು.

"ಹಾಗಾದ್ರೆ ಎಲ್ಲರೂ ಯಾಕೆ ನಟಿಸಿದ್ರು?"

"ನಟಿಸಲಿಲ್ಲ. ಯಜಮಾನರು ಇದ್ದಾರೆ ಅಂತಲೇ ಅಂದ್ಕೊಂಡಿದ್ರು."

"ಖಾಲಿ ಇದ್ದಿದ್ದು ಕಾಣ್ತಿತ್ತಲ್ಲ."

"ಕಾಣ್ತಿತ್ತು. ದಿನಾ ಇರೋ ಹಾಗೇ ಇದ್ದಾರೆ ಅಂತ ಯಾರೂ ಸರಿಯಾಗಿ ನೋಡ್ಲಿಲ್ಲ. ನಿನಗೆ ಗೊತ್ತಿದ್ದಿದ್ದು ಅವರಿಗೆ ಗೊತ್ತಿರಲಿಲ್ಲ."

ತಮ್ಮ ಅವರ ಮುಖವನ್ನೇ ನೋಡಿದ. ತುಟಿ ನೋಡಿದ, ಹುಬ್ಬು ನೋಡಿದ. ಲೆಕ್ಕ ಹಾಕುತ್ತಿದ್ದ. ಇನ್‌ಸ್ಪೆಕ್ಟರಿಗೆ ಆಕಳಿಕೆ ಬಂತು. ತಡೆಯಲಾಗಲಿಲ್ಲ.

"ನೀವೂ ಅವರ ಕಡೆಯೋರೇ," ಎಂದ ತಮ್ಮ.

"ಬಿಡಿ ಮೇಡಂ," ಎಂದಳು ಅಕ್ಕ. "ಇದನ್ನ ಇನ್ನು ತಿಂಗಳುಗಟ್ಟಲೆ ನಾನು ಹೇಳ್ತೀನಿ. ಒಂದು ದಿನ ಒಪ್ತಾನೆ. ಮಾರನೇ ದಿನ ಮತ್ತೆ ಶುರು. ಮನೆಗೆ ಹೋಗಬಹುದಾ?"

"ಹೋಗಬಹುದು."

ತಮ್ಮ ಏಳಲಿಲ್ಲ. ಇನ್‌ಸ್ಪೆಕ್ಟರ್ ಬಾಗಿಲ ಹತ್ತಿರ ನಿಂತಿದ್ದರು. ತಾವು ದಾರಿಗೆ ಅಡ್ಡ ಎಂದು ಹೊಳೆಯಲು ಅವರಿಗೆ ತುಸು ಹೊತ್ತು ಹಿಡಿಯಿತು. ದೂರ ಸರಿದು, ಎದುರಿನ ಗೋಡೆಗೆ ಒರಗಿ, ಎರಡೂ ಕೈ ಕಾಣುವ ಹಾಗೆ ಇಟ್ಟುಕೊಂಡರು.

ಅವನು ಎದ್ದ. ಅಕ್ಕನನ್ನು ತನಗೂ ಪೊಲೀಸರಿಗೂ ನಡುವೆ ಇಟ್ಟುಕೊಂಡು ಹೊಸ್ತಿಲವರೆಗೆ ಬಂದ. ಅಲ್ಲಿ ನಿಂತುಬಿಟ್ಟ.

"ಅಕ್ಕ, ಈ ಬಾಗಿಲು ನಿಜವಾಗ್ಲೂ ತೆಗೆದಿದೆಯಾ?"

"ತೆಗೆದಿದೆ ಕಣೋ," ಎಂದಳು ಅಕ್ಕ. "ನಡಿ."