ಎಂಟು ಟವರಿನ ಎಂಟು ೧೧೦೪

ಬಾಗಿಲು ತೆರೆದಿತ್ತು.

ಮಂಜರಿ ಕೊರಳಿನ ದಾರದಲ್ಲಿದ್ದ ಬೀಗದ ಕೈಯನ್ನು ಹಿಡಿದುಕೊಂಡು ಹಾಗೆಯೇ ನಿಂತಳು. ಬೆಳಿಗ್ಗೆ ಅಮ್ಮ ಬೀಗ ಹಾಕಿ, ಎರಡು ಸಲ ಎಳೆದು ನೋಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಬಾಗಿಲ ಮೇಲೆ ೧೧೦೪ ಎಂದೇ ಇತ್ತು. ಹಾಗಾದರೆ ಒಳಗೆ ಯಾರು?

ಕಳ್ಳ!

ಓಡಿಹೋಗಬಹುದಿತ್ತು. ಆದರೆ ಇವತ್ತು ಓಡುವಂತಿರಲಿಲ್ಲ. ಮರಾಠಿ ಊರಿನ ಈ ಹೊಸ ಅಪಾರ್ಟ್‌ಮೆಂಟ್ ಸೊಸೈಟಿಗೆ ಬಂದು ಹದಿನೈದು ದಿನವಾಗಿತ್ತಷ್ಟೆ. ಬಸ್ಸಿನಿಂದ ಇಳಿದು ಒಬ್ಬಳೇ ಮನೆ ಸೇರುವ ಮೊದಲ ದಿನ ಇದು. ಆರೂವರೆಗೆ ಅಮ್ಮ ಆಫೀಸಿನಿಂದ ಬರುವ ಕ್ಯಾಬಿನಲ್ಲಿ ಕುಳಿತು ವಿಡಿಯೊ ಕಾಲ್ ಮಾಡುತ್ತಾಳೆ. ಆಗ ಮಂಜರಿ ಮನೆಯೊಳಗೆ ಕಾಣಿಸಬೇಕು. ಇಲ್ಲವಾದರೆ ನಾಳೆಯಿಂದ ಮತ್ತೆ ಡೇ ಕೇರ್. ಮೂರು ವರ್ಷದ ಪುಟಾಣಿಗಳ ನಡುವೆ, ಆನೆ ಚಿತ್ರದ ಚಾಪೆಯ ಮೇಲೆ ಕುಳಿತು, ಐದನೆಯ ತರಗತಿಯ ಹುಡುಗಿ ಚಪ್ಪಾಳೆ ತಟ್ಟುತ್ತ ಹಾಡಬೇಕು.

ಅದಕ್ಕಿಂತ ಕಳ್ಳನೇ ವಾಸಿ.

ಅವಳು ಸ್ಟೀಲಿನ ವಾಟರ್ ಬಾಟಲಿಯನ್ನು ಗದೆಯಂತೆ ಎತ್ತಿ ಹಿಡಿದು ಒಳಗೆ ಕಾಲಿಟ್ಟಳು. ಬೂದು ಗೋಡೆ, ಬೂದು ಸೋಫಾ, ಗೋಡೆಯ ಮೇಲೆ ಮೂರು ಒಣ ಎಲೆಗಳ ಚಿತ್ರ. ಎಲ್ಲವೂ ಇದ್ದಲ್ಲಿಯೇ ಇದ್ದವು.

ಅಡುಗೆಮನೆಯಲ್ಲಿ ಪಾತ್ರೆಯೊಂದು ಠಣ್ ಎಂದಿತು.

ಗೋಡೆಯ ಮೇಲೆ ಒಂದು ನೆರಳು ಉದ್ದವಾಗುತ್ತ ಬಂತು. ಅದರ ಹಿಂದೆ ಬೆಂಕಿಯ ಬೆಳಕು ಅಲುಗಾಡಿತು. ಇನ್ನೊಂದು ಹೆಜ್ಜೆ. ಮತ್ತೊಂದು ಹೆಜ್ಜೆ.

ದೀಪ ಹಿಡಿದು ಹೊರಬಂದವಳು ಇಳಕಲ್ ಸೀರೆ ಉಟ್ಟ ಒಬ್ಬ ಅಜ್ಜಿ.

"ಅಯ್ಯ ಶಿವನ! ಯಾರವಾ ನೀ?"

ಕಳ್ಳಿ ಕನ್ನಡದವಳು! ಮರಾಠಿಯಲ್ಲಿ ಗದರಿಸಲು ಸಿದ್ಧಳಾಗಿದ್ದ ಮಂಜರಿ ತಬ್ಬಿಬ್ಬಾದಳು.

"ನೀವ್ಯಾರ್ರಿ? ಇದು ನಮ್ಮ ಮನಿ!" ಕಳ್ಳಿಯಾದರೂ ಹಿರಿಯಳು. ‘ರೀ’ ಬಿಡಲು ನಾಲಿಗೆ ಒಪ್ಪಲಿಲ್ಲ.

"ನಿಮ್ಮ ಮನಿ? ಛಲೋ ಆತು. ಹಂಗಾರ ಇಪ್ಪತ್ತ ದಿನದಿಂದ ನಾ ಯಾರ ಮನ್ಯಾಗ ರೊಟ್ಟಿ ಬಡಿಯಾಕತ್ತೀನಿ?"

"ಇದು ನಮ್ಮ ಸೋಫಾ!"

"ನನ್ನ ಮಗಾ ಮನಿ ಜೋಡೀನ ತಗೊಂಡಾನ."

"ಆ ಎಲಿ ಚಿತ್ರ ನಮ್ಮದು!"

"ಅದೂ ಮನಿ ಜೋಡೀನ ಬಂದೈತಿ. ಒಣಗಿದ ಎಲಿಗೆ ಕಟ್ಟ ಹಾಕಿ ಕೊಟ್ಟಾರ, ಎಂಥಾ ಮಂದಿನೋ ಏನೋ!"

ಮಂಜರಿ ಕೊನೆಯ ಅಸ್ತ್ರ ಪ್ರಯೋಗಿಸಿದಳು. "ನಮ್ಮ ಬಾತ್‌ರೂಮಿನ ನಳ ಸೋರ್ತದ. ಎಷ್ಟ ತಿರುವಿದ್ರೂ ನಿಲ್ಲಂಗಿಲ್ಲ. ಬೇಕಾದ್ರ ನೋಡ್ರಿ!"

ಇಬ್ಬರೂ ಹೋಗಿ ನೋಡಿದರು. ಟಪ್, ಟಪ್, ಟಪ್.

ಅಜ್ಜಿಯ ಮುಖದಲ್ಲಿ ಮೊದಲ ಬಾರಿಗೆ ಸಂಶಯ ಮೂಡಿತು. "ಹೌದಲ್ಲವಾ... ನಾನ ಬ್ಯಾರೆ ಮನ್ಯಾಗ ಕುಂತೀನೇನು?"

ಮಂಜರಿ ಗೆದ್ದೇಬಿಟ್ಟಿದ್ದಳು. ಆದರೆ ಹಿಂತಿರುಗುವಾಗ ಬಾಲ್ಕನಿ ಕಣ್ಣಿಗೆ ಬಿತ್ತು. ಅಲ್ಲಿ ಅವಳ ಸೈಕಲ್ ಇರಬೇಕಿತ್ತು. ಹಳೆಯ ಸೀರೆಯೊಂದರ ಮೇಲೆ ಸಾಲಾಗಿ ಸಂಡಿಗೆ ಒಣಗುತ್ತಿತ್ತು.

ಎತ್ತಿದ್ದ ಬಾಟಲಿ ಮೆಲ್ಲನೆ ಕೆಳಗಿಳಿಯಿತು.

"ಅಜ್ಜಿ, ತಪ್ಪಾತ್ರಿ. ನಾ ಬ್ಯಾರೆ ಟವರಿಗೆ ಬಂದೀನಿ."

ಆ ಸೊಸೈಟಿಯಲ್ಲಿ ಎಂಟು ಟವರುಗಳು. ಎಂಟಕ್ಕೂ ಒಂದೇ ಎತ್ತರ, ಒಂದೇ ಬಣ್ಣ, ಮುಂದೆ ಒಂದೊಂದು ಗಾರ್ಡನ್. ಎಂಟರಲ್ಲೂ ಒಂದೊಂದು ೧೧೦೪. ಬಾಗಿಲ ಮೇಲೆ ಹೆಸರಾಗಲಿ ತೋರಣವಾಗಲಿ ಇರಬಾರದೆಂದು ಕಮಿಟಿಯ ನಿಯಮ.

"ಮತ್ತ ನೀವು ಕದಾ ಯಾಕ ತೆರದಿಟ್ಟಿದ್ರಿ?"

"ದೀಪಾ ಹಚ್ಚೂ ಹೊತ್ತಿನಾಗ ಯಾರರ ಕದಾ ಹಾಕ್ತಾರೇನು? ಲಕ್ಷ್ಮಿ ಬರೂ ಹೊತ್ತು. ಬಾಟ್ಲಿ ಎತ್ತಿಕೊಂಡ ಬರ್ತಾಳಂತ ನನಗೇನ ಗೊತ್ತು!"

ಅಜ್ಜಿಯ ಹೆಸರು ಬೋರಮ್ಮ. ವಿಜಯಪುರದ ಕಡೆಯವಳು. ಮಗ, ಸೊಸೆ ಕೆಲಸದಿಂದ ಬರುವುದು ಎಂಟು ಗಂಟೆಗೆ.

"ಇದು ಯಾವ ಟವರ್ರಿ?"

"ಅದ ಗೊತ್ತಿದ್ರ ಹಿಂಗ್ಯಾಕ ಕೂಡತಿದ್ದೆ? ಬಂದ ದಿನ ಲಿಫ್ಟ್‌ನ್ಯಾಗ ಏರಿದ್ದು, ಮತ್ತ ಇಳದಿಲ್ಲ. ಇಳದ್ರ ತಿರುಗಿ ಯಾರ ಕದಾ ಬಡೀಲಿ? ಗುರ್ತ ಇರಲೆಂತ ಹೊಸ್ತಲದಾಗ ರಂಗೋಲಿ ಹಾಕಿದ್ದೆ. ಮರುದಿನಾನ ಕಮಿಟಿ ಮಂದಿ ಒರಸಿ ಹ್ವಾದ್ರು."

ಆಗ ಮಂಜರಿಯ ಬ್ಯಾಗಿನೊಳಗೆ ಫೋನ್ ಹೊಡೆದುಕೊಂಡಿತು.

ಆರೂವರೆ!

ಓಡಲು ಸಮಯವಿಲ್ಲ. ಅವಳು ತುಟಿಯ ಮೇಲೆ ಬೆರಳಿಟ್ಟು ಅಜ್ಜಿಗೆ ಸನ್ನೆ ಮಾಡಿ, ಸೋಫಾದ ಮೇಲೆ ಕುಳಿತು ಫೋನ್ ಎತ್ತಿದಳು. ಬೋರಮ್ಮ ದೀಪವನ್ನು ನೆಲದ ಮೇಲಿಟ್ಟು ಚಟಕ್ಕನೆ ಪರದೆಯ ಹಿಂದೆ ಸರಿದಳು. ಪರದೆಯ ಕೆಳಗೆ ಎರಡು ಪಾದಗಳು ಮಾತ್ರ ಉಳಿದವು.

"ಮನಿ ಮುಟ್ಟಿದ್ಯಾ?" ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಸೋಫಾ ಕಂಡಿತು. ಮೂರು ಒಣ ಎಲೆಗಳು ಕಂಡವು. "ಶಾಣ್ಯಾಕಿ! ಪಾಸಾದಿ ನೋಡು. ಇನ್ನ ಡೇ ಕೇರ್ ಬ್ಯಾಡ. ನಾ ಬರೂತನಕ ಹೊರಗ ಹೋಗಬ್ಯಾಡ, ಹಾಂ?"

ಫೋನ್ ಕತ್ತಲಾಯಿತು. ಮಂಜರಿ ಉಸಿರು ಬಿಟ್ಟಳು. ಇನ್ನು ಸದ್ದಿಲ್ಲದೆ ತನ್ನ ಟವರನ್ನು ಹುಡುಕಿ ಸೇರಿಕೊಂಡರೆ ಯಾರಿಗೂ ಏನೂ ತಿಳಿಯುವುದಿಲ್ಲ.

"ಹೋಗವಾ, ಲಗೂನ ಹೋಗು," ಎನ್ನುತ್ತ ಬೋರಮ್ಮ ಬಾಗಿಲವರೆಗೆ ಬಂದಳು. ಅಲ್ಲಿ ತಡೆದು ನಿಂತು, ತಪ್ಪು ಮಾಡಿದವಳಂತೆ ಸಣ್ಣ ದನಿಯಲ್ಲಿ ಕೇಳಿದಳು: "ನಿನ್ನ ಜೋಡಿ ನಾನೂ ಇಳೀಲೇನು? ಒಂದೀಟ ನೆಲದ ಮ್ಯಾಲ ಅಡ್ಡಾಡತೀನಿ. ನೀ ತಿರುಗಿ ತಂದು ಬಿಡತಿಯಲ್ಲ?"

ತಿರುಗಿ ತಂದು ಬಿಡುವುದೆಂದರೆ ಅರ್ಧ ಗಂಟೆ. ಅಷ್ಟರಲ್ಲಿ ಅಮ್ಮನ ಕಂಪನಿ ಕ್ಯಾಬ್ ಗೇಟಿಗೆ ಬಂದರೆ? ಅಮ್ಮನ ಆಫೀಸಿರುವ ಹಿಂಜವಾಡಿಯ ಟ್ರಾಫಿಕ್ ಬೇಕಾದಾಗ ಕರಗುವುದಿಲ್ಲ. ಬೇಡವಾದ ದಿನ ಖಂಡಿತ ಕರಗುತ್ತದೆ.

ಮಂಜರಿ ಕೆಳಗೆ ನೋಡಿದಳು. ಅಜ್ಜಿ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಳು. ಅದರ ಅಂಚಿನಲ್ಲಿ ಊರಿನ ಕರಿಮಣ್ಣು ಇನ್ನೂ ಒಣಗಿ ಕುಳಿತಿತ್ತು.

ಅವಳು ಫೋನ್ ಒತ್ತಿದಳು. "ಅಮ್ಮಾ, ನಾ ನಮ್ಮ ಮನ್ಯಾಗ ಇಲ್ಲ."

"ಹುಚ್ಚೀ! ಈಗ ನೋಡಿದೆನಲ್ಲ, ನಮ್ಮ ಸೋಫಾ—"

"ಅದು ನಮ್ಮದಲ್ಲ."

"ಎಲಿ ಚಿತ್ರ—"

"ಅದೂ ನಮ್ಮದಲ್ಲ. ಬೋರಮ್ಮಜ್ಜೀದು. ನಾ ಟವರ್ ತಪ್ಪಿ ಬಂದೀನಿ. ಈಗ ಅಜ್ಜೀನ ಕೆಳಗ ಕರಕೊಂಡು ಹೊಂಟೀನಿ. ಗಾರ್ಡನ್‌ನ್ಯಾಗ ಇರ್ತೀವಿ."

"ಗೇಟ್ ಹತ್ರಾನ ಇದ್ದೀನಿ. ಬಂದೆ. ಡೇ ಕೇರ್ ವಿಚಾರ ಆಮ್ಯಾಲ."

ಬೋರಮ್ಮ ದೀಪವನ್ನು ದೇವರ ಮುಂದಿಟ್ಟು ಬೀಗ ಹಾಕಿದಳು. ಲಿಫ್ಟಿನಲ್ಲಿ ಮಂಜರಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಕೆಳಗಿನ ಕಂಬದ ಮೇಲೆ ‘ಎಫ್’ ಎಂದಿತ್ತು. ಮಂಜರಿಯದು ‘ಇ’.

ಗಾರ್ಡನ್ನಿನಲ್ಲಿ ಗಿಡಗಳನ್ನು ಅಳತೆಪಟ್ಟಿ ಇಟ್ಟು ಕತ್ತರಿಸಿದಂತಿತ್ತು. ಅಜ್ಜಿ ಒಂದೊಂದು ಗಿಡದ ಎಲೆಯನ್ನೂ ಹಿಸುಕಿ ಮೂಸಿದಳು. "ವಾಸನೀನ ಇಲ್ಲ," ಎಂದು ಖುಷಿಯಿಂದ ಬೈದಳು. ಮುಂದಿನದನ್ನೂ ಮೂಸಿದಳು.

ಬೆಂಚಿನ ಮೇಲೆ ಕುಳಿತಾಗ ಮತ್ತೆ ಫೋನ್. ಅಮ್ಮನ ದನಿಯಲ್ಲಿ ಬೆಂಕಿ ಇತ್ತು. "ನಮ್ಮ ಟವರಿನ ಗಾರ್ಡನ್‌ನ್ಯಾಗ ಬೆಂಚಿನ ಮುಂದ ನಿಂತೀನಿ. ಎಲ್ಲಿದ್ದಿ?"

"ಬೆಂಚಿನ ಮ್ಯಾಲ ಕೂತೀನಿ."

"ಎಲ್ಲಿ? ಬೆಂಚ್ ಖಾಲಿ ಅದ!"

"ಅಮ್ಮಾ, ಅಲ್ಲೆ ಕಂಬದ ಮ್ಯಾಲ ಏನ್ ಬರದಾರ ನೋಡು."

ಅಮ್ಮ ಕಂಬ ನೋಡಿ ಬಹಳ ಮೆತ್ತಗೆ ಹೇಳಿದಳು: "ಜಿ ಟವರ್."

ಗಿಡಗಳ ಸಾಲು ದಾಟಿ, ಹೆಗಲಿನ ಬ್ಯಾಗು ಸರಿಪಡಿಸಿಕೊಳ್ಳುತ್ತ ಅಮ್ಮ ಬಂದಳು. ಮುಖ ಕೆಂಪಾಗಿತ್ತು. ಬೋರಮ್ಮನಿಗೆ ಕೈ ಮುಗಿದಳು. ಡೇ ಕೇರ್ ಎಂಬ ಶಬ್ದವನ್ನೇ ಎತ್ತಲಿಲ್ಲ.

ಅಜ್ಜಿ ಬೆಂಚಿನಿಂದ ಎದ್ದಳು. "ನಿಮ್ಮಮ್ಮ ಬಂದಳಲ್ಲ. ಇನ್ನ ನನ್ನ ಮನಿ... ಇದ ಹೌದಲ್ಲೇನು?"

ಅವಳು ಕೇಳಿದ್ದು ಎದುರಿನ ಟವರನ್ನು ತೋರಿಸಿ. ಆದರೆ ಚಪ್ಪಲಿಯ ಕಾಲು ಇನ್ನೂ ಗಿಡಗಳ ನಡುವಿನ ದಾರಿಯ ಕಡೆಗೇ ತಿರುಗಿತ್ತು. ಮಂಜರಿಯ ಮಣಿಕಟ್ಟನ್ನು ಅವಳು ಯಾವಾಗ ಬಿಟ್ಟಿದ್ದಳೋ, ಇಬ್ಬರಿಗೂ ತಿಳಿದಿರಲಿಲ್ಲ.

ಮಂಜರಿ ‘ಎಫ್’ ಬರೆದಿದ್ದ ಕಂಬಕ್ಕೆ ಬೆನ್ನು ಮಾಡಿ ನಿಂತಳು.

"ಗೊತ್ತಾಗವಲ್ದು ಅಜ್ಜಿ," ಎಂದಳು. "ಇನ್ನೊಂದು ಸುತ್ತ ಹಾಕಿ ನೋಡೋಣ, ಬರ್ರಿ."