ಹನ್ನೊಂದನೆಯ ದಿನದ ಸಹಿ

ನನ್ನ ಯುವರಾಜ ಇಸ್ತ್ರಿ ಷರ್ಟು ಹಾಕಿಕೊಂಡು ಶಿಕ್ಷೆ ಅನುಭವಿಸಲು ಹೋಗುತ್ತಿದ್ದ. ನನ್ನ ಹೊಟ್ಟೆ ಉರಿಸಿದ್ದೇ ಅದು.

ಕಲ್ಯಾಣದುರ್ಗದಿಂದ ಗಂಡಿನ ಕಡೆಯವರು ಬಂದು ನನ್ನನ್ನು ನೋಡಿಹೋದ ದಿನ ಅವನು ಕುಡಿದು ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಗಲಾಟೆ ಮಾಡಿದ್ದ. ಮ್ಯಾಜಿಸ್ಟ್ರೇಟರು ಹೊಸ ಕಾನೂನಿನಂತೆ, ಜೈಲಿನ ಬದಲು ಹತ್ತು ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಮುದಾಯ ಸೇವೆ ಮಾಡು ಎಂದರು. ಸಂಬಳವಿಲ್ಲ, ದಿನಾ ಹಾಳೆಯಲ್ಲಿ ಸಹಿ. ಸಹಿ ಹಾಕುವವಳು ಫಿಸಿಯೋಥೆರಪಿಯ ಶ್ರೀಲತಾ. ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತದಂತೆ. ಅದನ್ನೂ ಅವನೇ ಬಂದು ಹೇಳಿದ್ದು, ಪೆದ್ದ.

ಹತ್ತು ದಿನ ಮುಗಿಯಿತು. ಹನ್ನೆರಡನೆಯ ದಿನವೂ ಷರ್ಟಿಗೆ ಇಸ್ತ್ರಿ ಬಿತ್ತು. ಗಂಡಿನ ಕಡೆಯವರಿಗೆ ಅಂದು ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ನಾನು ಮಗ್ಗ ಬಿಟ್ಟೆದ್ದು ಆಸ್ಪತ್ರೆಗೆ ನಡೆದೆ.

ಬಾಗಿಲಲ್ಲೇ ಕಾಲು ನಿಂತಿತು. ಯುವರಾಜ ಎರಡೂ ಕೈ ಚಾಚಿ ನೂಲಿನ ಲಡಿ ಹಿಡಿದು ಕೂತಿದ್ದ. ಎದುರಿಗೆ ಬಿಳಿ ಕೋಟಿನ ಶ್ರೀಲತಾ, ಬೆನ್ನು ನನ್ನ ಕಡೆಗೆ. ನೂಲು ಅವಳತ್ತ ಬಿಚ್ಚಿಕೊಳ್ಳುತ್ತಿತ್ತು. ನಮ್ಮ ನೇಕಾರರ ಮನೆಗಳಲ್ಲಿ ಒಬ್ಬರು ಲಡಿ ಹಿಡಿದು ಇನ್ನೊಬ್ಬರು ಉಂಡೆ ಸುತ್ತುವುದೆಂದರೆ ಗಂಡ ಹೆಂಡತಿಯ ಕೆಲಸ. ನಾವಿಬ್ಬರು ಮೊದಲ ಸಲ ಕಣ್ಣಲ್ಲಿ ಕಣ್ಣಿಟ್ಟಿದ್ದೂ ಹಾಗೆಯೇ.

"ಶಿಕ್ಷೆ ಮುಗ್ದು ಎರಡು ದಿನ ಆಯ್ತಲ್ಲ. ಈಗ ಯಾರನ್ನ ನೋಡಾಕೆ ಬತ್ತೀಯ?"

ಅವನು ಬೆಚ್ಚಿದ. ಆದರೂ ಲಡಿ ಬಿಡಲಿಲ್ಲ. "ಮೆಲ್ಲಗೆ ಕಣೇ ಬನಶ್ರೀ, ನೂಲು ಕಿತ್ತೋಯ್ತದೆ."

ಶ್ರೀಲತಾ ಪಕ್ಕಕ್ಕೆ ಸರಿದಳು. ಅವಳಾಚೆ ಗಾಲಿಕುರ್ಚಿಯಲ್ಲಿ ಪದ್ಮಾವತಮ್ಮ, ನಮ್ಮ ಬೀದಿಯಲ್ಲೇ ಸೀರೆ ನೇಯುತ್ತಿದ್ದವರು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಆ ಕೈಯಲ್ಲೀಗ ನಿಂಬೆಹಣ್ಣಿನಷ್ಟು ನೂಲುಂಡೆ ತಿರುಗುತ್ತಿತ್ತು.

"ಚೆಂಡು ಒತ್ತು ಅಂದ್ರೆ ಅಜ್ಜಿ ಒತ್ತಲಿಲ್ಲ ಕಣಮ್ಮ. ನಿಮ್ಮೋರು ಲಡಿ ತಂದ್ರು, ಬೆರಳಾಡ್ತು," ಎಂದು ಶ್ರೀಲತಾ ಹಾಳೆ ನೀಡಿದಳು. ಹತ್ತು ಸಾಲಿನಲ್ಲಿ ಅವಳ ಸಹಿ. ಕೆಳಗೆ ಪೆನ್ನಿನಲ್ಲಿ ಎಳೆದ ಹನ್ನೊಂದನೆಯ ಸಾಲಿನಲ್ಲಿ ಸೊಟ್ಟಸೊಟ್ಟ ಅಕ್ಷರ: ಪದ್ಮಾವತಮ್ಮ.

ನಿಮ್ಮೋರು ಅಂದು ನಕ್ಕಳು. ಗುಳಿ ನಿಜಕ್ಕೂ ಚೆನ್ನಾಗಿತ್ತು. ಹೊಟ್ಟೆಕಿಚ್ಚು ಪೂರ್ತಿ ಆರಲಿಲ್ಲ, ಸುಳ್ಳೇಕೆ?

"ಕಲ್ಯಾಣದುರ್ಗದೋರ್ಗೆ ಏನಂತೀಯ?" ಯುವರಾಜ ತಲೆ ಎತ್ತದೆ ಕೇಳಿದ. "ಅವತ್ತು ಕುಡುದ್ಬುಟ್ಟು ಕೂಗಾಡಿದ್ದು ತಪ್ಪು. ಈಗ ಕುಡೀದೇನೇ ಹೇಳ್ತೀನಿ. ನೀನಿಲ್ದೆ ನಂಗಾಗಕಿಲ್ಲ."

ಅವನ ಕೈಯಿಂದ ಲಡಿ ಬಿಡಿಸಿ ನನ್ನ ಕೈಗೆ ಹಾಕಿಕೊಂಡೆ.

"ಬ್ಯಾಡ ಅಂತೀನಿ. ನಾಳೆಯಿಂದ ಲಡಿ ನಾನು ಹಿಡೀತೀನಿ. ನೀನು ಕುರ್ಚಿ ತಳ್ಳು, ಆ ಕಡೆ ಮಕ ಮಾಡ್ಕೊಂಡು."

ಪದ್ಮಾವತಮ್ಮ ನೂಲು ಜಗ್ಗಿ ಗದರಿದರು.

"ಕೈ ನಡುಗಿಸ್ಬ್ಯಾಡ ಅಮ್ಮಾಯ್."