ಮತ್ತೆ ಬೀಗ ಹಾಕಿ ಹೋದವನು

2004ರ ಮಾರ್ಚ್ 16, ಬೆಳಿಗ್ಗೆ 9.20. ಓಶ್ ನಗರದ ಠಾಣೆಗೆ ವಿಳಾಸ ನೋಂದಣಿ ಕಚೇರಿಯ ಗುಮಾಸ್ತೆ ಗುಲ್ಬರಾ ದೂರು ತಂದಳು.

"ಸ್ಕ್ರೀನ್ ಸೇವರಿನ ಪಾಸ್‌ವರ್ಡ್ ದೊಡ್ಡ ಪೀಡೆ ಅಂತ ತೆಗೆದುಹಾಕಿದ್ದೆ ಸಾರ್. ಊಟ ಮುಗಿಸಿ ಬಂದ್ರೆ ಯಾರೋ ಅದೇ ಪಾಸ್‌ವರ್ಡ್ ಮತ್ತೆ ಹಾಕಿರ್ತಾರೆ. ಹದಿನೈದು ದಿನದಿಂದ ಇದೇ ಗೋಳು."

"ಏನಾದ್ರೂ ಅಳಿಸಿದಾರಾ?" ಇನ್‌ಸ್ಪೆಕ್ಟರ್ ಎರ್ಮೆಕ್ ಕೇಳಿದ.

"ಒಂದಕ್ಷರಾನೂ ಇಲ್ಲ."

"ಒಳ್ಳೇ ಕಳ್ಳ. ಬಾಗಿಲು ಭದ್ರ ಮಾಡ್ಕೊಂಡು ಹೋಗ್ತಾನೆ," ಎಂದು ಕಾನ್‌ಸ್ಟೇಬಲ್ ಬೈಸಲ್ ನಕ್ಕ. ಎರ್ಮೆಕ್ ನಗಲಿಲ್ಲ. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಕಚೇರಿಯ ಕಂಪ್ಯೂಟರಿಗೆ ಗುಲ್ಬರಾಳಿಂದಲೇ ಪಾಸ್‌ವರ್ಡ್ ಹಾಕಿಸಿ ಮೂವರೂ ಅದರ ಮುಂದೆ ಕೂತರು. 1.10ಕ್ಕೆ ಬೀಗ ತಾನಾಗಿ ತೆರೆಯಿತು. ಯಾರೂ ಮುಟ್ಟದ ಮೌಸಿನ ಬಾಣ ಮೆಲ್ಲಗೆ ಹರಿದು ಒಂದು ದಾಖಲೆ ತೆರೆಯಿತು. ಎಲ್ನುರಾ, ವಯಸ್ಸು 27, ಗಿರಣಿ ಬೀದಿ, ಮನೆ ನಂಬರ್ 17. ತಂದೆ ತುರ್ದುಬೈ. ಏಳು ನಿಮಿಷ ಅದು ಅಲ್ಲಾಡಲಿಲ್ಲ. ಆಮೇಲೆ ಮತ್ತೆ ಬೀಗ ಬಿತ್ತು. ಬೈಸಲ್ ಪಂಚನಾಮೆ ಬರೆದ.

"ತುರ್ದುಬೈ ಅಣ್ಣನಾ?" ಗುಲ್ಬರಾಳ ಮುಖ ಬಿಳಿಚಿತು. "ಈ ಕಂಪ್ಯೂಟರುಗಳನ್ನೆಲ್ಲ ನೋಡ್ಕೊಳ್ತಿದ್ರು ಸಾರ್. ನಾವು ಪಾಸ್‌ವರ್ಡ್ ಮರೆತ್ರೆ ಅವ್ರು ಕೂತಲ್ಲಿಂದ್ಲೇ ತೆಗೆದುಕೊಡೋರು. ಹಾಕದೇ ಎದ್ರೆ, ಮನೆ ಬಾಗಿಲೂ ಹೀಗೇ ಬಿಟ್ಟು ಬರ್ತೀಯೇನಮ್ಮಾ ಅಂತ ಬೈಯೋರು. ಹೋದ ತಿಂಗಳು ನಿವೃತ್ತಿ ಆಯ್ತು."

ಕಂಪ್ಯೂಟರಿಗೆ ಜೋಡಿಸಿದ್ದ ಕಚೇರಿಯ ಫೋನ್ ಲೈನಿಗೆ 1.10ರ ಕರೆ ಎಲ್ಲಿಂದ ಬಂತೆಂದು ದೂರವಾಣಿ ವಿನಿಮಯ ಕೇಂದ್ರದವರು ಹೇಳಿದರು: ಬಜಾರಿನ ಕಂಪ್ಯೂಟರ್ ಕೇಂದ್ರ.

ಮಾರ್ಚ್ 17, ಮಧ್ಯಾಹ್ನ 1.15. ವಾರದ ಗಡ್ಡ ಬಿಟ್ಟ ಮುದುಕ ತುರ್ದುಬೈ ಆ ಕೇಂದ್ರದ ಮೂಲೆಯಲ್ಲಿ ಕೂತಿದ್ದ. ಪೊಲೀಸರನ್ನು ಕಂಡು ಗಾಬರಿಪಡಲಿಲ್ಲ. "ಒಂದ್ನಿಮಿಷ," ಎಂದು ಮೊದಲು ಅಲ್ಲಿಯ ಕಂಪ್ಯೂಟರಿಗೆ ಬೀಗ ಹಾಕಿ, ಆಮೇಲೆ ಎದ್ದ.

ಠಾಣೆಯಲ್ಲಿ ಎರ್ಮೆಕ್ ಕೇಳಿದ, "ಮಗಳ ಮನೆ ನಿಮ್ಮನೆಯಿಂದ ಎಷ್ಟು ದೂರ, ಅಣ್ಣ?"

"ಎರಡು ಬೀದಿ."

"ಹೋಗಿ ಬಾಗಿಲು ತಟ್ಟಬಹುದಿತ್ತಲ್ಲ?"

"ಅವಳು ಮೆಚ್ಚಿದವನನ್ನ ಮದುವೆಯಾದಾಗ, ಈ ಹೊಸಿಲು ತುಳೀಬೇಡ ಅಂದವನು ನಾನೇ. ಆರು ವರ್ಷ ಆಯ್ತು. ಈಗ ಎಲ್ರೂ ರಷ್ಯಾಕ್ಕೆ ಗುಳೆ ಹೋಗ್ತಿದಾರೆ. ಅವಳ ವಿಳಾಸ ಇನ್ನೂ ಅದೇ, ಊರಲ್ಲೇ ಇದಾಳೆ ಅಂತ ನೋಡ್ಕೊಂಡ್ರೆ ಆವತ್ತಿನ ರೊಟ್ಟಿ ಗಂಟಲಲ್ಲಿ ಇಳೀತಿತ್ತು." ಮುದುಕ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡ. "ತಟ್ಟಿದ್ರೆ ಅವಳು ಏನಾದ್ರೂ ಒಂದು ಹೇಳ್ತಿದ್ಲು ಸಾರ್. ಅದಕ್ಕೇ ಹೆದರಿದ್ದೆ."

ಆದರೂ ಅಪರಾಧ ಅಪರಾಧವೇ. ದಸ್ತಗಿರಿ ಪತ್ರ ತುಂಬುತ್ತ ಬಂದು ಕೊನೆಯ ಕಾಲಮಿನಲ್ಲಿ ಎರ್ಮೆಕ್‌ನ ಪೆನ್ನು ನಿಂತಿತು: ಮಾಹಿತಿ ನೀಡಬೇಕಾದ ರಕ್ತಸಂಬಂಧಿ.

"ಹೆಂಡತಿ?"

"ತೀರಿಕೊಂಡ್ಲು."

"ಬೇರೆ ಯಾರಿದಾರೆ?"

ಎರ್ಮೆಕ್ ಉತ್ತರಕ್ಕೆ ಕಾಯದೆಯೇ ಬರೆದ: ಗಿರಣಿ ಬೀದಿ, 17.

"ಅವಳಿಗೆ ಬೇಡ ಸಾರ್."

"ಕಾನೂನು, ಅಣ್ಣ. ನನ್ನ ಕೈಲಿಲ್ಲ." ಅವನು ಬೈಸಲ್‌ನನ್ನು ಕರೆದು ಚೀಟಿ ಕೊಟ್ಟ. ಸಮಯ 2.40.

ಬೂಟಿನ ಸದ್ದು ಮೆಟ್ಟಿಲಿಳಿದು ಹೋಗುವವರೆಗೂ ಮುದುಕ ಕಿವಿಗೊಟ್ಟು ಕೂತಿದ್ದ. ಆಮೇಲೆ ಕೆನ್ನೆ ಸವರಿಕೊಂಡು ಕೇಳಿದ:

"ಅಷ್ಟರೊಳಗೆ ಗಡ್ಡ ಬೋಳಿಸ್ಕೊಳ್ಳೋಕೆ ಬಿಡ್ತೀರಾ?"